ಹತ್ತು ನಿಮಿಷದ ಹಗಲು

ಅಕ್ಕತಂಗಿಯರಲ್ಲಿ ದೊಡ್ಡವಳನ್ನು ಕಚೇರಿಯಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಮೀಟರಮ್ಮ ಎಂದು. ಹವಾಮಾನ ಕಚೇರಿಯ ನಾಲ್ಕನೇ ಮಹಡಿಯ ಮೇಲಿನ ತಾರಸಿ ಅವಳ ರಾಜ್ಯ. ಅಲ್ಲಿ ಮಳೆ ಅಳೆಯುವ ಡಬ್ಬ, ಗಾಳಿಗೆ ಗಿರಗಿರ ತಿರುಗುವ ಬಟ್ಟಲುಗಳು, ಮೂಲೆಯಲ್ಲಿ ಸಿಮೆಂಟಿನ ಕಂಬದ ಮೇಲೆ ಕಿತ್ತಳೆ ಹಣ್ಣಿನಷ್ಟು ಗಾತ್ರದ ಗಾಜಿನ ಗುಮ್ಮಟ ಹೊತ್ತ ಒಂದು ಯಂತ್ರ. ಬಿಸಿಲಿನೊಳಗೆ ಕಣ್ಣಿಗೆ ಕಾಣದ ಹಾಗೆ ಬರುವ ನೇರಳಾತೀತ ಕಿರಣವನ್ನು ಅಳೆಯುವ ಮಾಪಕ ಅದು. ಬೆಳಿಗ್ಗೆ ಏಳಕ್ಕೆ ಮೆತ್ತನೆ ಬಟ್ಟೆಯಿಂದ ಗುಮ್ಮಟದ ಧೂಳು, ಹಕ್ಕಿಯ ಹಿಕ್ಕೆ ಒರೆಸುವುದು, ಗಂಟೆಗೊಮ್ಮೆ ಅಂಕಿ ನೋಡಿ ಬರೆದುಕೊಳ್ಳುವುದು, ಆ ದಿನದ ಸೂಚ್ಯಂಕ ಇಷ್ಟು ಎಂದು ರೇಡಿಯೋದವರಿಗೆ ಕಳಿಸುವುದು. ಹನ್ನೊಂದು ವರ್ಷದಲ್ಲಿ ಅವಳು ಒಂದು ಅಂಕಿಯನ್ನೂ ಅಂದಾಜಿನ ಮೇಲೆ ಬರೆದವಳಲ್ಲ. ಜ್ವರ ಬಂದು ಮಲಗಿದ ದಿನ ಆ ಜಾಗ ಖಾಲಿ ಇರುತ್ತಿತ್ತೇ ಹೊರತು ಸುಳ್ಳು ಇರುತ್ತಿರಲಿಲ್ಲ.

ಆ ಕೆಲಸವನ್ನು ಅವಳು ಹುಡುಕಿಕೊಂಡು ಹೋಗಿ ಹಿಡಿದಿದ್ದಳು. ಕಾರಣ ಅವಳ ತಂಗಿ.

ತಂಗಿ, ಅಂದರೆ ಚಿಕ್ಕವಳು, ಆರು ತಿಂಗಳ ಕೂಸಾಗಿದ್ದಾಗ ಅಮ್ಮ ಅವಳನ್ನು ಎಳೆಬಿಸಿಲಿಗೆ ಮಲಗಿಸಿ ಬಟ್ಟೆ ಒಣಹಾಕಲು ಹೋದಳು. ಮಗುವಿಗೆ ಬಿಸಿಲು ಒಳ್ಳೆಯದು ಎಂದು ಎಲ್ಲ ತಾಯಂದಿರೂ ಮಾಡುವುದನ್ನೇ ಅವಳೂ ಮಾಡಿದ್ದು. ಸಂಜೆಯ ಹೊತ್ತಿಗೆ ಕೂಸಿನ ಮುಖವೆಲ್ಲ ಬೊಬ್ಬೆ. ಕುದಿಯುವ ನೀರು ಚೆಲ್ಲಿದ್ದೀರಾ ಎಂದು ಆಸ್ಪತ್ರೆಯವರು ಕೇಳಿದ್ದರು. ಎರಡು ವರ್ಷ ಅಲೆದ ಮೇಲೆ ಚರ್ಮದ ಡಾಕ್ಟರಮ್ಮ ಒಬ್ಬರು ರೋಗ ಗುರುತಿಸಿದರು. ಅಮ್ಮ ಹೊಲಿಗೆ ಕೆಲಸದವಳು ಎಂದು ತಿಳಿದು ಅವಳ ಭಾಷೆಯಲ್ಲೇ ಹೇಳಿದರು: "ನೋಡಿಮ್ಮ, ಬಿಸಿಲಿಗೆ ಎಲ್ಲರ ಚರ್ಮವೂ ಒಳಗೊಳಗೇ ಅಲ್ಲಲ್ಲಿ ಹರಿಯುತ್ತೆ. ನಮ್ಮ ಮೈ ತಾನೇ ಅದನ್ನ ಹೊಲಿದುಕೊಳ್ಳುತ್ತೆ. ನಿಮ್ಮ ಮಗಳ ಮೈಗೆ ಸೂಜಿದಾರ ಕೊಟ್ಟು ಕಳಿಸಿಲ್ಲ ದೇವರು. ಹರಿದದ್ದು ಹರಿದ ಹಾಗೇ ಇರುತ್ತೆ, ಮುಂದೆ ಅದೇ ಹುಣ್ಣಾಗುತ್ತೆ, ಗೆಡ್ಡೆಯಾಗುತ್ತೆ."

ಅವತ್ತಿನಿಂದ ಅಮ್ಮ ಮಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಕಿಟಕಿಗಳಿಗೆ ಮೂರು ಪದರದ ಕಪ್ಪು ಪರದೆ ಹೊಲಿದಳು. ನೆರಳು ಅನ್ನುವುದು ಮೋಸ ಎಂದು ಕಲಿತಳು. ಸೂರ್ಯ ಎದುರಿಗಿಲ್ಲದಿದ್ದರೂ ಬರೀ ನೀಲಿ ಆಕಾಶದಿಂದಲೇ ಅರ್ಧದಷ್ಟು ಕಿರಣ ಚೆಲ್ಲುತ್ತದಲ್ಲ. ಹಗಲು ಆಸ್ಪತ್ರೆಗೆ ಹೋಗಬೇಕಾದಾಗ ಹಾಕಲು ತಲೆಯಿಂದ ಎದೆಯವರೆಗೆ ಬರುವ ಮುಸುಕು ಹೊಲಿದು, ಅದರ ಮುಂದೆ ದಪ್ಪ ಪ್ಲಾಸ್ಟಿಕ್ಕಿನ ಕಿಟಕಿ ಕೂರಿಸಿದಳು. ಮಗಳು ಬೆಳೆದ ಹಾಗೆಲ್ಲ ಮುಸುಕು ಬಿಚ್ಚಿ ಹೊಸ ಅಳತೆಗೆ ಹೊಲಿದಳು. ಇಪ್ಪತ್ತಮೂರು ವರ್ಷ. ಅಷ್ಟು ಕಾದರೂ ಚಿಕ್ಕವಳ ಮೂಗಿನ ತುದಿ, ಕೆಳತುಟಿ, ಒಂದು ರೆಪ್ಪೆ ಎಂದು ಹದಿನಾಲ್ಕು ಸಲ ಚಾಕು ಮುಟ್ಟಿತ್ತು. ನಡುವೆ ಅಪ್ಪ ತೀರಿಕೊಂಡರು. ಮನೆಯಲ್ಲಿ ಮೂರು ಹೆಂಗಸರು ಉಳಿದರು.

ಚಿಕ್ಕವಳು ಅಳುಮುಂಜಿಯಲ್ಲ. ಅಕ್ಕ ಅವಳನ್ನು ಗೂಬೆಮರಿ ಅನ್ನುತ್ತಿದ್ದಳು, ಅವಳು ಅಕ್ಕನನ್ನು "ಸೂರ್ಯನ ಮನೆ ಲೆಕ್ಕದವಳು" ಅನ್ನುತ್ತಿದ್ದಳು. ಅವಳಿಗೂ ಒಂದು ಕೆಲಸವಿತ್ತು. ಬಸ್ ಕಂಪನಿಯ ವಿಚಾರಣೆಯ ಫೋನು ಮನೆಗೇ ಬರುತ್ತಿತ್ತು. ಕಪ್ಪು ಪರದೆಯ ಕೋಣೆಯಲ್ಲಿ, ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ಬೆಳಿಗ್ಗೆ ಎಂಟರಿಂದ ನಾಲ್ಕರವರೆಗೆ ಊರಿನ ಜನಕ್ಕೆ ದಾರಿ ಹೇಳುತ್ತಿದ್ದಳು. "ಮೂವತ್ತೆಂಟನೇ ನಂಬರಾ? ಗಡಿಯಾರದ ಕಂಬದ ಎಡಕ್ಕೆ ತಿರುಗಿ, ಹಣ್ಣಿನಂಗಡಿ ದಾಟಿ, ಮೂರನೇ ಅಂಕಣ. ಓಡಬೇಡಿ, ಇನ್ನೂ ಆರು ನಿಮಿಷ ಇದೆ." ಅವಳು ಹೇಳುವ ಧಾಟಿ ಕೇಳಿದವರು ಈ ಹುಡುಗಿ ನಿಲ್ದಾಣದ ನಟ್ಟನಡುವೆ ಕುರ್ಚಿ ಹಾಕಿಕೊಂಡು ಕೂತಿದ್ದಾಳೆ ಅಂದುಕೊಳ್ಳಬೇಕು. ನಿಲ್ದಾಣದ ನಕ್ಷೆ ಅವಳ ಗೋಡೆಯ ಮೇಲಿತ್ತು. ಹಗಲು ಹೊತ್ತಿನ ನಿಲ್ದಾಣವನ್ನು ಅವಳು ಕಂಡಿರಲಿಲ್ಲ.

ಆ ವರ್ಷ ಸೆಖೆ ಶುರುವಾಗುವ ಹೊತ್ತಿಗೆ ಡಾಕ್ಟರಮ್ಮ ಅಮ್ಮನನ್ನೂ ದೊಡ್ಡವಳನ್ನೂ ಆಸ್ಪತ್ರೆಯ ಕಾರಿಡಾರಿಗೆ ಕರೆದು ಬಾಗಿಲು ಮುಚ್ಚಿದರು. ಬೆನ್ನಿನ ಮೇಲಿನ ಒಂದು ಕಪ್ಪು ಮಚ್ಚೆ ಯಾರ ಕಣ್ಣಿಗೂ ಬೀಳದೆ ಒಳಗೆ ಬೇರು ಬಿಟ್ಟಿತ್ತು. "ಲಿವರಿಗೆ ಹೋಗಿದೆ. ಶ್ವಾಸಕೋಶದಲ್ಲೂ ಇದೆ. ಮೂರು ತಿಂಗಳು, ಹೆಚ್ಚೆಂದರೆ ನಾಲ್ಕು. ಅವಳಿಗೆ ಹೇಳೋದು ಬಿಡೋದು ನಿಮಗೆ ಬಿಟ್ಟದ್ದು."

ಅಮ್ಮ ಹೇಳಬಾರದು ಅಂದಳು. ಇಬ್ಬರೂ ಮುಖ ತೊಳೆದುಕೊಂಡು, ನಗು ಅಂಟಿಸಿಕೊಂಡು ಒಳಗೆ ಹೋದರು. ಮನೆಗೆ ಬಂದ ಮೇಲೆ ಚಿಕ್ಕವಳು ಮುಸುಕು ತೆಗೆದು ಗೂಟಕ್ಕೆ ನೇತುಹಾಕುತ್ತಾ ಅಕ್ಕನ ಕಡೆ ತಿರುಗಿದಳು.

"ಎಷ್ಟು ದಿನ ಅಂದರು?"

"ಏನು ಎಷ್ಟು ದಿನ?"

"ಅಕ್ಕಾ, ನಾನು ಜನರ ದನಿ ಕೇಳಿಕೊಂಡೇ ಬದುಕಿದವಳು. ನೀವಿಬ್ಬರೂ ಬಾಗಿಲು ತೆಗೆದು ಒಳಗೆ ಬಂದಾಗ ಮಾತಾಡಿದ ದನಿ ನಿಮ್ಮದಾಗಿರಲಿಲ್ಲ."

ದೊಡ್ಡವಳು ಹೇಳಿದಳು. ಅಡುಗೆಮನೆಯಲ್ಲಿ ಅಮ್ಮ ನಲ್ಲಿ ಜೋರಾಗಿ ತಿರುಗಿಸಿದ್ದು ಕೇಳಿಸಿತು.

ಇದಾಗಿ ಐದು ವಾರಕ್ಕೆ ಊರಿನ ಮೇಲೆ ಸಂಪೂರ್ಣ ಸೂರ್ಯಗ್ರಹಣ ಹಾಯುವುದಿತ್ತು. ಕಚೇರಿಯಲ್ಲಿ ಅದೇ ಮಾತು, ಬೀದಿಯಲ್ಲೂ ಅದೇ ಮಾತು. ಒಂದು ಸಂಜೆ ಚಿಕ್ಕವಳು ಹೆಡ್‌ಫೋನು ತೆಗೆದಿಟ್ಟು ಕೇಳಿದಳು.

"ಇವತ್ತು ನಾಲ್ಕು ಜನ ಫೋನ್ ಮಾಡಿ, ಗ್ರಹಣದಲ್ಲಿ ಯಾವುದೋ ಕೆಟ್ಟ ಕಿರಣ ಬರುತ್ತಂತೆ, ಬಸ್ಸು ಬಿಡ್ತಾರಾ ಅಂತ ಕೇಳಿದರು. ಹೌದೇನೇ? ಬರುತ್ತಾ?"

"ಎಲ್ಲಿಂದ ಬರಬೇಕು? ಸೂರ್ಯನಲ್ಲಿ ಇರೋದೇ ಬರಬೇಕು. ಚಂದ್ರ ಅಡ್ಡ ನಿಂತರೆ ಇರೋದೂ ಬರಲ್ಲ. ಮಬ್ಬಾಯ್ತು ಅಂತ ಜನ ಬರಿಗಣ್ಣಲ್ಲಿ ದಿಟ್ಟಿಸಿ ನೋಡ್ತಾರಲ್ಲ, ಉಳಿದ ಚೂರು ಸೂರ್ಯನೇ ಕಣ್ಣು ಸುಡುತ್ತೆ. ಅದಕ್ಕೇ ಆ ಮಾತು ಹುಟ್ಟಿದ್ದು. ನೇರಳಾತೀತ ಮಾತ್ರ ಕುಸೀತಾ ಹೋಗುತ್ತೆ."

"ಎಷ್ಟು ಕುಸಿಯುತ್ತೆ?"

ಆ ಪ್ರಶ್ನೆ ಯಾಕೆ ಬಂತು ಎಂದು ದೊಡ್ಡವಳಿಗೆ ಅರೆಗಳಿಗೆಯಲ್ಲಿ ಹೊಳೆಯಿತು.

ಮರುದಿನ ಅವಳು ಕಚೇರಿಯ ಹಳೆಯ ಕಪಾಟು ತೆಗೆದಳು. ಅವಳಿಗಿಂತ ಮೊದಲು ಆ ತಾರಸಿ ನೋಡಿಕೊಳ್ಳುತ್ತಿದ್ದವರು ಇಪ್ಪತ್ತಾರು ವರ್ಷದ ಹಿಂದಿನ ಒಂದು ಅರೆಗ್ರಹಣವನ್ನು ನಿಮಿಷ ನಿಮಿಷಕ್ಕೂ ಅಳೆದು, ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಬರೆದಿಟ್ಟಿದ್ದರು. ಬೆಳಕು ನೂರಕ್ಕೆ ಎಪ್ಪತ್ತು ಕುಂದಿದ ಹೊತ್ತಿಗೆ ನೇರಳಾತೀತ ಎಪ್ಪತ್ತಮೂರು ಕುಂದಿತ್ತು. ಅಂಚಿನಲ್ಲಿ ಅವರದೇ ಟಿಪ್ಪಣಿ: ಸೂರ್ಯನ ನಡುಭಾಗದಷ್ಟು ಖಾರ ಅದರ ಅಂಚಿಗಿಲ್ಲ, ಈ ಕಿರಣದ ಮಟ್ಟಿಗಂತೂ ಅಂಚು ಇನ್ನೂ ಸಪ್ಪೆ. ಹಾಗಾಗಿ ನಡುಭಾಗ ಮುಚ್ಚಿ ಬರೀ ಅಂಚು ಉಳಿದಾಗ ಕಣ್ಣಿಗೆ ಕಾಣುವ ಬೆಳಕಿಗಿಂತ ಇದು ಬೇಗ ಇಳಿಯುತ್ತದೆ.

ಆ ಪುಟ ಮುಂದಿಟ್ಟುಕೊಂಡು ಅವಳು ಮೂರು ದಿನ ಲೆಕ್ಕ ಹಾಕಿದಳು. ಮಾಮೂಲಿ ನಡುಹಗಲಿಗೆ ಆ ಊರಿನಲ್ಲಿ ಸೂಚ್ಯಂಕ ಹತ್ತು. ಚಿಕ್ಕವಳು ಮುಸುಕಿಲ್ಲದೆ ಸ್ವಲ್ಪ ಹೊತ್ತು ಇರಬೇಕಾದರೆ ಅದು ಸೊನ್ನೆ ಪಾಯಿಂಟ್ ಐದಕ್ಕಿಂತ, ಅಂದರೆ ಬರೀ ಅರ್ಧಕ್ಕಿಂತ ಕೆಳಗಿರಬೇಕು ಎಂದು ಡಾಕ್ಟರಮ್ಮ ಹಿಂದೆ ಹೇಳಿದ್ದರು. ಚಂದ್ರ ಸೂರ್ಯನನ್ನು ಪೂರ್ತಿ ನುಂಗುವುದು ಹನ್ನೆರಡು ನಲವತ್ತೊಂದಕ್ಕೆ, ಬಿಡುವುದು ನಲವತ್ತಮೂರಕ್ಕೆ. ಆ ಎರಡು ನಿಮಿಷ ಸೊನ್ನೆ ಅನ್ನಬಹುದು. ಅದರ ಹಿಂದೆ ನಾಲ್ಕು ನಿಮಿಷ, ಮುಂದೆ ನಾಲ್ಕು ನಿಮಿಷ ಅರ್ಧದೊಳಗೆ. ಒಟ್ಟು ಹತ್ತು.

"ಹತ್ತು ನಿಮಿಷ," ಎಂದು ಹೇಳಿದಾಗ ಚಿಕ್ಕವಳು ಕೈಬೆರಳು ಮಡಚಿ ಎಣಿಸಿದಳು, ಮಕ್ಕಳ ಹಾಗೆ.

"ನನಗೆ ಆಕಾಶ ಬೇಡ. ನನ್ನನ್ನ ಬಸ್‌ಸ್ಟ್ಯಾಂಡಿಗೆ ಕರ್ಕೊಂಡು ಹೋಗು. ಮುಸುಕಿಲ್ಲದೆ ಜನರ ನಡುವೆ ನಿಂತ್ಕೋತೀನಿ. ಅಷ್ಟೇ."

ಕಷ್ಟವಾದದ್ದು ಅಮ್ಮನನ್ನು ಒಪ್ಪಿಸುವುದು. ಅವಳು ಹೊಲಿಗೆ ಯಂತ್ರದ ಮುಂದೆ ಕೂತು ತಲೆ ಎತ್ತದೆ ಕೇಳಿಸಿಕೊಂಡಳು.

"ಇಪ್ಪತ್ಮೂರು ವರ್ಷ ಒಂದು ಎಳೆ ಬಿಸಿಲು ತಾಗದ ಹಾಗೆ ಕಾದಿದ್ದೀನಿ. ಈಗ ನಾನೇ ಬಾಗಿಲು ತೆಗೆದು ಕಳಿಸಲಾ?"

"ಅಮ್ಮಾ, ಇನ್ನೇನು ಉಳಿದಿದೆ ಕಾಯೋದಕ್ಕೆ?" ಅಂದಳು ಚಿಕ್ಕವಳು. ಮೆಲ್ಲಗೇ ಅಂದಳು. ಆದರೂ ಆ ಮಾತು ಆಡಬಾರದಾಗಿತ್ತು. ಅಮ್ಮ ಎದ್ದು ಬಚ್ಚಲುಮನೆಗೆ ಹೋಗಿ ಅಗುಳಿ ಹಾಕಿಕೊಂಡಳು. ಮೂರನೇ ದಿನ ದೊಡ್ಡವಳನ್ನು ಕರೆದು, "ಕೈಯಲ್ಲಿ ಹಿಡಿಯೋ ಮೀಟರು ಇದೆಯಲ್ಲ ನಿನ್ನ ಹತ್ತಿರ? ಅರ್ಧ ದಾಟಿದ ತಕ್ಷಣ ಮುಸುಕು ಹಾಕಿಸ್ತೀಯಾ? ನನ್ನ ಮೇಲೆ ಆಣೆ ಮಾಡಿ ಹೇಳು" ಅಂದಳು.

ದೊಡ್ಡವಳು ಆಣೆ ಮಾಡಿದಳು.

ರಜೆ ಕೇಳಲು ಹೋದಾಗ ಮೇಲಧಿಕಾರಿ ಕನ್ನಡಕ ಹಣೆಗೇರಿಸಿದರು. "ಹುಲಿ ಬಂತು ಅನ್ನೋವಾಗ ಬೇಟೆಗಾರ ರಜೆ ಕೇಳಿದ ಹಾಗಾಯ್ತು! ಮತ್ತೆ ಈ ಊರಿಗೆ ಇಂಥ ಗ್ರಹಣ ಬರೋ ಹೊತ್ತಿಗೆ ನಾವು ನೀವು ಯಾರೂ ಇರಲ್ಲ." ಕಾರಣ ಹೇಳಿದಾಗ ಅವರು ರಜೆಯ ಅರ್ಜಿಗೆ ಸಹಿ ಹಾಕಿದರು. "ಹೋಗಿ. ಗುಮ್ಮಟ ನಾನೇ ಒರೆಸ್ತೀನಿ. ಯಾವ ಬಟ್ಟೆ ಅಂತ ತೋರಿಸಿ ಹೋಗಿ," ಅಂದರು.

ಗ್ರಹಣದ ದಿನ ಆಕಾಶ ಒಗೆದಿಟ್ಟ ಹಾಗೆ ಶುಭ್ರ. ಚಿಕ್ಕವಳು ಹನ್ನೊಂದರವರೆಗೂ ಫೋನಿನ ಮೇಲಿದ್ದಳು. ಆಮೇಲೆ ಉದ್ದ ತೋಳಿನ ಅಂಗಿ, ಕೈಗವಸು, ಮುಸುಕು ತೊಟ್ಟಳು. ಅಮ್ಮ ಮುಸುಕಿನ ಗುಂಡಿಗಳನ್ನು ಒಂದೊಂದಾಗಿ ಹಾಕಿದಳು. ತಾನು ಬರುವುದಿಲ್ಲ ಅಂದಳು. ಕಿಟಕಿಗೆ ಕಪ್ಪು ಹಾಳೆ ಅಂಟಿಸಿದ ಟ್ಯಾಕ್ಸಿ ಹತ್ತಿ ಅಕ್ಕತಂಗಿ ಹೊರಟರು.

ನಿಲ್ದಾಣದ ಗಡಿಯಾರದ ಕಂಬದ ಹತ್ತಿರ ಟ್ಯಾಕ್ಸಿ ನಿಂತಾಗ ಹನ್ನೆರಡೂವರೆ. ಬೆಳಕಿಗೆ ಅದಾಗಲೇ ಬೇನೆ ಹಿಡಿದಿತ್ತು. ನೆರಳುಗಳ ಅಂಚು ಕತ್ತರಿಯಿಂದ ಕತ್ತರಿಸಿದ ಹಾಗೆ ಚೂಪಾಗಿತ್ತು, ಬಸ್ಸುಗಳ ಬಣ್ಣ ಬೂದಿ ಬಳಿದುಕೊಂಡಿತ್ತು. ದೊಡ್ಡವಳು ಕಿಟಕಿಯಿಂದ ಕೈ ಚಾಚಿ ಮೀಟರು ಹಿಡಿದಳು. ಒಂದೂ ಕಾಲು. ಒಂದು. ಮುಕ್ಕಾಲು. ಹನ್ನೆರಡು ಮೂವತ್ತೇಳಕ್ಕೆ ಸರಿಯಾಗಿ ಅರ್ಧಕ್ಕಿಂತ ಕೆಳಗೆ ಇಳಿಯಿತು. ಲೆಕ್ಕ ಒಂದು ಕೂದಲೆಳೆಯೂ ತಪ್ಪಿರಲಿಲ್ಲ.

"ಬಿಚ್ಚು," ಅಂದಳು.

ಚಿಕ್ಕವಳು ಮುಸುಕು ತೆಗೆದು ಸೀಟಿನ ಮೇಲಿಟ್ಟು ಕೆಳಗಿಳಿದಳು. ಗಾಳಿ ನೇರ ಮುಖಕ್ಕೆ ಬಂದು ಬಡಿಯಿತು. ಆಸ್ಪತ್ರೆಯ ಕಾರಿಡಾರಿನ ಗಾಳಿಯಲ್ಲ, ಡೀಸೆಲ್ಲು, ಧೂಳು, ಯಾರದೋ ಹೂವಿನ ಸೆಂಟು ಎಲ್ಲ ಬೆರೆತ ಗಾಳಿ. ಅವಳು ಎರಡೂ ಕೈಯಿಂದ ತನ್ನ ಕೆನ್ನೆ ಮುಟ್ಟಿ ನೋಡಿಕೊಂಡಳು. ಆಮೇಲೆ ಸುತ್ತ ನೋಡಿದಳು. ಮೊದಲು ಅವಳ ಮುಖ ಅರಳಿತು, ಆಮೇಲೆ ಮೆಲ್ಲಗೆ ಬಾಡಿತು. ನಿಲ್ದಾಣ ತುಂಬ ಜನ ಇದ್ದರು. ಆದರೆ ಒಬ್ಬರೂ ಓಡಾಡುತ್ತಿರಲಿಲ್ಲ. ಡ್ರೈವರುಗಳು, ಕಂಡಕ್ಟರುಗಳು, ಗಂಟುಮೂಟೆ ಹಿಡಿದವರು ಎಲ್ಲರೂ ಕಪ್ಪು ಕಾಗದದ ಕನ್ನಡಕ ಹಾಕಿಕೊಂಡು ಕತ್ತು ಮೇಲೆತ್ತಿ ಗರಬಡಿದವರ ಹಾಗೆ ನಿಂತಿದ್ದರು. ಬಸ್ಸುಗಳ ಇಂಜಿನ್ ನಿಂತಿತ್ತು.

"ಇದು ಹಗಲಲ್ಲವಲ್ಲೇ ಅಕ್ಕಾ," ಅಂದಳು.

ಮೂರು ದಿನ ಲೆಕ್ಕ ಹಾಕಿದವಳಿಗೆ ಇದೊಂದು ಹೊಳೆದಿರಲಿಲ್ಲ. ಆ ಕಿರಣ ಹೋಗುವಾಗ ತಾನೊಂದೇ ಹೋಗುವುದಿಲ್ಲ. ಬಿಸಿಲನ್ನೂ ಬಣ್ಣವನ್ನೂ ಬೀದಿಯ ಗದ್ದಲವನ್ನೂ ಜೊತೆಗೇ ಕಟ್ಟಿಕೊಂಡು ಹೋಗುತ್ತದೆ. ತಂಗಿಗೆ ಒಗ್ಗುವ ಹಗಲು ಎಂದು ತಾನು ಹುಡುಕಿ ತಂದದ್ದು ಈ ಬೂದಿ ಬಣ್ಣದ ಸಂಜೆಯನ್ನು.

ಅಷ್ಟರಲ್ಲಿ ಕತ್ತಲು ಕವಿಯಿತು. ಸೂರ್ಯನಿದ್ದ ಜಾಗದಲ್ಲಿ ಒಂದು ಕಪ್ಪು ಬಿಲ್ಲೆ, ಅದರ ಸುತ್ತ ಬೆಳ್ಳಿಯ ಕೂದಲು. ಜನ ಹೋ ಎಂದು ಕೂಗಿದರು. ಯಾರೋ ಅತ್ತರು. ಮೀಟರು ಸೊನ್ನೆ ತೋರಿಸಿತು. ಚಿಕ್ಕವಳು ಒಮ್ಮೆ ಮಾತ್ರ ಮೇಲೆ ನೋಡಿ, ಜನರ ಮುಖಗಳನ್ನೇ ನೋಡುತ್ತಾ ನಿಂತಳು. ಎರಡು ನಿಮಿಷ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದು, ಚಂದ್ರನ ಅಂಚಿನಿಂದ ಒಂದು ಚೂರು ಬೆಳಕು ಚಿಮ್ಮಿತು. ಜನ ಚಪ್ಪಾಳೆ ತಟ್ಟಿದರು. ಕನ್ನಡಕಗಳು ಇಳಿದವು. ಒಂದು ಬಸ್ಸಿನ ಇಂಜಿನ್ ಗುರ್ರೆಂದಿತು, ಕಂಡಕ್ಟರೊಬ್ಬ ಸಿಳ್ಳೆ ಹಾಕಿದ. ನಿಲ್ದಾಣಕ್ಕೆ ಜೀವ ಬಂತು.

ಹನ್ನೆರಡು ನಲವತ್ತಾರು. "ಇನ್ನೊಂದು ನಿಮಿಷ," ಅಂದಳು ದೊಡ್ಡವಳು.

ಆಗಲೇ ಆ ಮುದುಕಿ ಬಂದದ್ದು. ಹುರಿಯಿಂದ ಕಟ್ಟಿದ ರಟ್ಟಿನ ಪೆಟ್ಟಿಗೆ ಎಳೆದುಕೊಂಡು, ಏದುಸಿರು ಬಿಡುತ್ತಾ, ನೂರಾರು ಜನರ ನಡುವೆ ನೇರ ಚಿಕ್ಕವಳ ಹತ್ತಿರವೇ ಬಂದಳು.

"ಮಗಳೇ, ಮೂವತ್ತೆಂಟು ಎಲ್ಲಿ ನಿಲ್ಲುತ್ತಮ್ಮ?"

ಚಿಕ್ಕವಳ ಬಾಯಿಂದ ಮಾತು ತಾನಾಗಿ ಬಂತು. "ಗಡಿಯಾರದ ಕಂಬದ ಎಡಕ್ಕೆ ತಿರುಗಿ, ಹಣ್ಣಿನಂಗಡಿ ದಾಟಿ..."

ಮುದುಕಿ ಕಣ್ಣರಳಿಸಿದಳು. "ಅಯ್ಯೋ, ನಿನ್ನ ದನಿ! ಬೆಳಿಗ್ಗೆ ನಾನು ಫೋನ್ ಮಾಡಿದ್ದೆನಲ್ಲ, ಗ್ರಹಣದಲ್ಲಿ ಬಸ್ಸು ಬಿಡ್ತಾರಾ ಅಂತ. ಬಿಡ್ತಾರೆ ಅಜ್ಜಿ, ಧೈರ್ಯವಾಗಿ ಬನ್ನಿ ಅಂದವಳು ನೀನೇ ಅಲ್ವಾ?"

"ಹೌದು ಅಜ್ಜಿ, ನಾನೇ."

"ನೀನು ಹೇಳಿದ ಹಾಗೇ ಬಂದೆ ತಾಯಿ. ಎರಡು ಸುತ್ತು ಹಾಕಿದೆ. ಹಣ್ಣಿನಂಗಡಿ ಎಲ್ಲಿದೆ? ನನಗಂತೂ ಕಾಣಲಿಲ್ಲ."

ಚಿಕ್ಕವಳು ಎಡಕ್ಕೆ ನೋಡಿದಳು. ಹಣ್ಣಿನಂಗಡಿ ಇರಬೇಕಾದ ಕಡೆ ಮೊಬೈಲು ರಿಪೇರಿಯ ಗಾಜಿನಂಗಡಿ. ಅದರಾಚೆ ಅಂಕಣಗಳ ನಂಬರೂ ಬದಲಾಗಿತ್ತು. ಗೋಡೆಯ ಮೇಲಿನ ನಕ್ಷೆ ಹಳತಾಗಿತ್ತು, ಯಾರೂ ಅವಳಿಗೆ ತಿಳಿಸಿರಲಿಲ್ಲ. ಅವಳ ಮುಖ ಪೆಚ್ಚಾಯಿತು. "ಎಷ್ಟು ದಿನದಿಂದ ಹೀಗಿದೆ? ಎಷ್ಟು ಜನರನ್ನ ಸುತ್ತಿಸಿದೀನೋ! ಅಕ್ಕಾ, ಎಷ್ಟು?"

ಅವಳು ಕೇಳಿದ್ದು ಮೀಟರಿನ ಅಂಕಿ. ಹನ್ನೆರಡು ನಲವತ್ತೇಳು. ಅರ್ಧ.

"ಸರಿಯಾಗಿ ಅರ್ಧ. ಸಾಕು, ಬಾ."

"ಇವರಿಗೆ ಬಸ್ಸು ತೋರಿಸಿ ಬರ್ತೀನಿ. ತಪ್ಪು ದಾರಿ ಹೇಳಿದವಳು ನಾನು. ಒಂದೇ ಒಂದು ನಿಮಿಷ ಕಣೇ."

ಉತ್ತರಕ್ಕೆ ಕಾಯದೆ ಅವಳು ಪೆಟ್ಟಿಗೆಯ ಹುರಿ ಹಿಡಿದು ಮುದುಕಿಯ ಜೊತೆ ಹೊರಟೇಬಿಟ್ಟಳು. ದೊಡ್ಡವಳು ಟ್ಯಾಕ್ಸಿಯಿಂದ ಮುಸುಕು ಕಿತ್ತುಕೊಂಡು ಹಿಂದೆ ಓಡಿದಳು. ಬೆಳಕು ಹಾಲು ಉಕ್ಕಿದ ಹಾಗೆ ಏರುತ್ತಿತ್ತು. ಬಸ್ಸಿನ ಕೆಂಪು ಕೆಂಪಾಯಿತು, ಗೋಡೆಯ ಹಳದಿ ಹಳದಿಯಾಯಿತು. ಜನ ಚಿಕ್ಕವಳ ಭುಜಕ್ಕೆ ಭುಜ ತಾಗಿಸಿ, "ಸರೀರಿ, ಸರೀರಿ" ಎನ್ನುತ್ತಾ ಹಾಯುತ್ತಿದ್ದರು. ಯಾರೂ ಅವಳನ್ನು ತಿರುಗಿ ನೋಡುತ್ತಿರಲಿಲ್ಲ. ಎರಡನೇ ಅಂಕಣದಲ್ಲಿ ಮೂವತ್ತೆಂಟಿಲ್ಲ. ಮೂರರಲ್ಲಿ ಇಲ್ಲ. ಅವಳು ಕಂಡಕ್ಟರನನ್ನು ತಡೆದು ಕೇಳಿದಳು, ಅವನು "ಆರಕ್ಕೆ ಹೋಗಮ್ಮ, ಆರಕ್ಕೆ" ಎಂದು ರೇಗಿದ. ರೇಗಿಸಿಕೊಂಡದ್ದಕ್ಕೆ ಅವಳು ನಕ್ಕಳು. ಎಲ್ಲರ ಮೇಲೆ ರೇಗುವ ಹಾಗೆಯೇ ಅವನು ಅವಳ ಮೇಲೂ ರೇಗಿದ್ದ.

"ಅಕ್ಕಾ, ಎಷ್ಟು?" ಎಂದು ತಿರುಗದೆಯೇ ಕೂಗಿದಳು.

ಮೀಟರಿನಲ್ಲಿ ಸೊನ್ನೆ ಪಾಯಿಂಟ್ ಎಂಟು. ಹನ್ನೆರಡು ಐವತ್ತು.

ದೊಡ್ಡವಳು ಬಾಯಿ ತೆರೆದಳು. ಹನ್ನೊಂದು ವರ್ಷ ಕಂಡದ್ದನ್ನು ಕಂಡ ಹಾಗೆ ಹೇಳಿದ ಬಾಯಿ ಅದು.

"ಅರ್ಧ," ಅಂದಳು.

ಆರನೇ ಅಂಕಣದಲ್ಲಿ ಬಸ್ಸು ನಿಂತಿತ್ತು. ಚಿಕ್ಕವಳು ಪೆಟ್ಟಿಗೆ ಎತ್ತಿಕೊಟ್ಟಳು, ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟಳು. ಕೆಳಗಿಳಿದು ಕಿಟಕಿಯ ಕೆಳಗೆ ನಿಂತು ಮಾತಾಡಿದಳು. ಈಗ ಬೆಳಕಿತ್ತು, ಮುದುಕಿಗೆ ಮುಖ ಚೆನ್ನಾಗಿ ಕಾಣುತ್ತಿತ್ತು. ಹೊಲಿಗೆಯ ಗುರುತು, ಕುಗ್ಗಿದ ಮೂಗು, ಮುಖದ ತುಂಬ ಚೆಲ್ಲಿದ ಕಂದು ಚುಕ್ಕೆ.

"ಸುಟ್ಟುಕೊಂಡಿದ್ದೆಯಾ ಮಗಳೇ?"

"ಹ್ಞೂಂ ಅಜ್ಜಿ. ಸಣ್ಣವಳಿದ್ದಾಗ."

"ನನ್ನ ತಮ್ಮನೂ ಹೀಗೇ ಒಲೆಗೆ ಬಿದ್ದಿದ್ದ. ಏನೂ ಆಗಲಿಲ್ಲ, ನಾಲ್ಕು ಮಕ್ಕಳ ತಂದೆ ಈಗ. ನೀನು ಯೋಚನೆ ಮಾಡಬೇಡ." ಮುದುಕಿ ಕಿಟಕಿಯಿಂದ ಕೈ ಇಳಿಸಿ ಅವಳ ಕೆನ್ನೆ ಸವರಿದಳು.

"ಎಷ್ಟೇ ಅಕ್ಕಾ?"

ಒಂದೂ ಕಾಲು. "ಅರ್ಧದ ಮೇಲೆ ಸ್ವಲ್ಪ," ಅಂದಳು ದೊಡ್ಡವಳು. ಕೈಯಲ್ಲಿದ್ದ ಮುಸುಕನ್ನು ಅವಳು ಎದೆಗೆ ಅವುಚಿಕೊಂಡಿದ್ದಳು. ಕೊಡಬೇಕು ಎಂದು ಗೊತ್ತಿತ್ತು. ಆ ಕಿಟಕಿಯ ಕೆಳಗೆ, ಆ ಕೈಯ ಕೆಳಗೆ ಆ ಪ್ಲಾಸ್ಟಿಕ್ಕನ್ನು ಎಳೆದು ಮುಚ್ಚಲು ಅವಳಿಗೆ ಕೈ ಬರಲಿಲ್ಲ.

ಬಸ್ಸು ಹೊರಟಿತು. ಚಿಕ್ಕವಳು ಅದು ತಿರುವು ದಾಟುವವರೆಗೂ ಕೈಬೀಸಿದಳು. ಮುಸುಕು ಹಾಕಿಕೊಂಡಾಗ ಹನ್ನೆರಡು ಐವತ್ತೆಂಟು. ಮೀಟರಿನಲ್ಲಿ ಒಂದು ಪಾಯಿಂಟ್ ಏಳು. ಟ್ಯಾಕ್ಸಿಯಲ್ಲಿ ಅವಳು ಅಕ್ಕನ ಹೆಗಲಿಗೆ ಒರಗಿ, "ಆರನೇ ಅಂಕಣ, ಮೊಬೈಲ್ ಅಂಗಡಿ ದಾಟಿ," ಎಂದು ಮತ್ತೆ ಮತ್ತೆ ಬಾಯಿಪಾಠ ಮಾಡಿದಳು.

ಸಂಜೆಗೆ ಮುಖ ಕೆಂಪಗಾಯಿತು. ಎರಡನೇ ದಿನಕ್ಕೆ ಬೊಬ್ಬೆ ಎದ್ದವು. ಕಣ್ಣು ಊದಿ ಮುಚ್ಚಿಕೊಂಡಿತು, ತುಟಿ ಸೀಳಿತು. ಬೇರೆಯವರಿಗಾದರೆ ಬೆಳಗಿನ ಎಂಟು ಗಂಟೆಯ ಬಿಸಿಲಿನಷ್ಟೇ ಅದು. ಅಮ್ಮ ಒದ್ದೆ ಬಟ್ಟೆ ಬದಲಿಸುತ್ತಾ ಕೂತಳು. ದೊಡ್ಡವಳನ್ನು ಒಂದೇ ಒಂದು ಸಲ ಕೇಳಿದಳು.

"ಮೀಟರು ಅರ್ಧ ದಾಟಿರಲಿಲ್ಲ ಅಲ್ವಾ?"

ಚಿಕ್ಕವಳು ಮಂಚದಿಂದಲೇ ಹೇಳಿದಳು, "ದಾಟಿರಲಿಲ್ಲಮ್ಮ. ಲೆಕ್ಕದಲ್ಲಿ ಏನೋ ತಪ್ಪಾಗಿರಬೇಕು." ದೊಡ್ಡವಳು ಬೋಗುಣಿ ಎತ್ತಿಕೊಂಡು ನೀರು ಬದಲಿಸಲು ಹೋದಳು.

ಹದಿನೈದು ದಿನಕ್ಕೆ ಸುಟ್ಟ ಗಾಯ ಮಾಯಿತು. ಚಿಕ್ಕವಳು ಮತ್ತೆ ಒಂದು ವಾರ ಹೆಡ್‌ಫೋನು ಹಾಕಿಕೊಂಡಳು. ನಕ್ಷೆಯ ಮೇಲೆ ಹಣ್ಣಿನಂಗಡಿಯನ್ನು ಹೊಡೆದುಹಾಕಿ ಸರಿಪಡಿಸಿದ್ದಳು. ಆಮೇಲೆ ಹೊಟ್ಟೆ ಉಬ್ಬಿತು, ಕಣ್ಣು ಹಳದಿಯಾಯಿತು. ಗ್ರಹಣ ಕಳೆದು ಎರಡು ತಿಂಗಳಿಗೆ, ಒಂದು ಮಧ್ಯಾಹ್ನ, ಅಮ್ಮನ ತೊಡೆಯ ಮೇಲೆ ತಲೆಯಿಟ್ಟುಕೊಂಡು ಅವಳು ಹೋಗಿಬಿಟ್ಟಳು. ಆ ಬಿಸಿಲಿಗೂ ಇದಕ್ಕೂ ಸಂಬಂಧವಿಲ್ಲ, ಒಳಗಿನದು ಮೊದಲೇ ಇದ್ದದ್ದು ಎಂದು ಡಾಕ್ಟರಮ್ಮ ಇಬ್ಬರಿಗೂ ಬಿಡಿಸಿ ಹೇಳಿದರು. ಅಮ್ಮ ತಲೆಯಾಡಿಸಿದಳು. ಒಪ್ಪಿದಳೋ ಇಲ್ಲವೋ ಗೊತ್ತಾಗಲಿಲ್ಲ.

ದೊಡ್ಡವಳಿಗೆ ಅದು ಒಳಗೊಳಗೇ ಕೊರೆಯಿತು. ಡಾಕ್ಟರಮ್ಮನ ಮಾತು ನಿಜವೆಂದು ಅವಳಿಗೆ ಗೊತ್ತು. ಅದರಿಂದ ಏನೂ ಹಗುರವಾಗಲಿಲ್ಲ. ಅವಳು ತಂಗಿಯ ಉಳಿದ ಅರವತ್ತು ದಿನದಲ್ಲಿ ಹದಿನೈದನ್ನು ನೋವಿಗೆ ಕೊಟ್ಟಿದ್ದಳು. ಒಂದು ಭಾನುವಾರ ಊಟಕ್ಕೆ ಕೂತಾಗ ಬಾಯಿಬಿಟ್ಟಳು.

"ಅಮ್ಮಾ, ಅವತ್ತು ಮೀಟರು ಅರ್ಧ ದಾಟಿತ್ತು. ಒಂದೂ ಮುಕ್ಕಾಲರ ಹತ್ತಿರ ಹೋಗಿತ್ತು. ನಾನು ಸುಳ್ಳು ಹೇಳಿದೆ."

ಅಮ್ಮ ತುತ್ತು ತಟ್ಟೆಯಲ್ಲೇ ಬಿಟ್ಟಳು.

"ಗೊತ್ತು."

"ಹೇಗೆ?"

"ಅವಳೇ ಹೇಳಿದಳು. ಕೊನೇ ವಾರ. ನಿನ್ನ ಮೀಟರು ಅವಳಿಗೆ ಯಾಕೆ ಬೇಕಿತ್ತು? ಅವಳ ಚರ್ಮಕ್ಕೆ ಗೊತ್ತಾಗಿತ್ತು, ಚುರುಗುಟ್ಟೋಕೆ ಶುರುವಾಗಿತ್ತು. ಅಕ್ಕ ಅರ್ಧ ಅರ್ಧ ಅಂತ ಹೇಳ್ತಾ ಹೋದಳಮ್ಮ, ನಾನು ಕೇಳ್ತಾ ಹೋದೆ ಅಂದಳು. ಅಕ್ಕನ ಮೇಲೆ ಸಿಟ್ಟು ಮಾಡ್ಕೋಬೇಡ ಅಂದಳು."

ದೊಡ್ಡವಳ ಕಣ್ಣಿಂದ ನೀರು ತಟ್ಟೆಗೆ ಬಿತ್ತು. ಅಮ್ಮ ಅದನ್ನು ನೋಡಿದಳು, ಕೈ ಚಾಚಲಿಲ್ಲ.

"ಅವಳಿಗೆ ನಿನ್ನ ಮೇಲೆ ಏನೂ ಇರಲಿಲ್ಲ. ನನಗೆ ಇದೆ. ನನ್ನ ಮೇಲೆ ಆಣೆ ಮಾಡಿದ್ದೆ ನೀನು. ಆ ಬೊಬ್ಬೆಗಳನ್ನ ಒರೆಸಿದ್ದು ನಾನು. ಇದು ಯಾವಾಗ ಹೋಗುತ್ತೋ ನನಗೆ ಗೊತ್ತಿಲ್ಲ. ಹೋಗುತ್ತೆ ಅಂತ ನಿನಗೆ ಸುಳ್ಳು ಹೇಳಲ್ಲ."

"ಹ್ಞೂಂ."

"ಊಟ ಮಾಡು. ತಣ್ಣಗಾಗುತ್ತೆ."

ಇಬ್ಬರೂ ಉಂಡರು. ಅಮ್ಮ ತಟ್ಟೆಗಳನ್ನು ತೊಳೆದಳು, ದೊಡ್ಡವಳು ಒರೆಸಿ ಮೇಲಿಟ್ಟಳು. ಒಂದು ಗಾಜಿನ ಲೋಟ ಅಮ್ಮನ ಕೈಯಿಂದ ಜಾರಿ ತೊಟ್ಟಿಯಲ್ಲಿ ಒಡೆಯಿತು. ಚೂರು ಆರಿಸುವಾಗ ದೊಡ್ಡವಳು, "ಕೈ ಜೋಪಾನ," ಅಂದಳು. ಅಮ್ಮ, "ನೀನೂ," ಅಂದಳು. ಆಮೇಲೆ ಮಧ್ಯಾಹ್ನವೆಲ್ಲ ಮನೆಯಲ್ಲಿ ಹೊಲಿಗೆ ಯಂತ್ರದ ಸದ್ದೊಂದೇ ಇತ್ತು.